ಕೊರೆಯುವ ಮುಂಚೆ ಗಾಳಿ ಸೋರುತ್ತಿದೆಯಾ ನೋಡಿ: ನೈಟ್ರೋ ಕಾರಿನ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಹತ್ತಿರ 1/10 ಅಳತೆಯ ನೈಟ್ರೋ ಬಗ್ಗಿ (ನೈಟ್ರೋ ಇಂಧನದಲ್ಲಿ ಓಡುವ ರಿಮೋಟ್ ಕಂಟ್ರೋಲ್ ಕಾರು) ಇದೆ. ಇಂಜಿನ್ .18, ಅಂದರೆ ಸುಮಾರು 3 ಸಿಸಿ. ಒಂದೂವರೆ ವರ್ಷ ಓಡಿಸಿದ್ದೇನೆ, ಈಗ ಮೊದಲಿನ ಎಳೆತ ಇಲ್ಲ. ಗೆಳೆಯನ ಹತ್ತಿರ ಚಿಕ್ಕ ಗ್ರೈಂಡರ್ ಇದೆ. ಸ್ಲೀವ್‌ನ (ಪಿಸ್ಟನ್ ಓಡಾಡುವ ಕೊಳವೆಯ) ಪೋರ್ಟ್, ಅಂದರೆ ಕಿಂಡಿ, ದೊಡ್ಡದು ಮಾಡಿ, 20ರ ಬದಲು 30 ಪರ್ಸೆಂಟ್ ನೈಟ್ರೋ ಇರುವ ಇಂಧನ ಹಾಕಿದರೆ ಸ್ಪೀಡ್ ಎಷ್ಟು ಜಾಸ್ತಿ ಆಗಬಹುದು?
– ಮೈಸೂರಿನ ಓದುಗರು

ಉತ್ತರ: ಗ್ರೈಂಡರ್ ಸದ್ಯಕ್ಕೆ ಗೆಳೆಯನ ಹತ್ತಿರವೇ ಇರಲಿ.

ನಾನೂ ಒಂದು ಕಾಲದಲ್ಲಿ ಕೊರೆದವನೇ. 3.5 ಸಿಸಿ ಇಂಜಿನ್ ಅದು. ಸ್ಲೀವ್ ಹಿತ್ತಾಳೆಯದು, ಒಳಗಡೆ ಕ್ರೋಮ್ ಲೇಪ. ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಹೋಗುವ ಕಿಂಡಿಯ) ಮೇಲಂಚನ್ನು ಅರ್ಧ ಮಿಲಿಮೀಟರ್ ಎತ್ತರಿಸಿದೆ. ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಅಂಚಿನಲ್ಲಿ ಉಗುರು ಆಡಿಸಿದಾಗ ಮಾತ್ರ ಒಂದು ಕಡೆ ತುಸು ತಡೆಯುತ್ತಿತ್ತು. ಇರಲಿ ಬಿಡು ಅಂತ ಜೋಡಿಸಿಬಿಟ್ಟೆ. ಮೊದಲ ಟ್ಯಾಂಕ್ ಭರ್ಜರಿ ಓಡಿತು. ಎರಡನೆಯದರ ನಡುವೆ ಸದ್ದು ಒಡೆಯಿತು. ಬಿಚ್ಚಿ ನೋಡಿದರೆ ಪಿಸ್ಟನ್ ಮೇಲೆ ಮೊಳೆಯಲ್ಲಿ ಗೀಚಿದ ಹಾಗೆ ಉದ್ದದ ಗೆರೆ. ಅಂಚಿನಿಂದ ಎದ್ದ ಕ್ರೋಮ್ ಚೂರು ಮಾಡಿದ ಕೆಲಸ. ಪಿಸ್ಟನ್, ಸ್ಲೀವ್ ಎರಡೂ ಹೋದವು. ಈ ಇಂಜಿನ್‌ಗಳಲ್ಲಿ ರಿಂಗ್ ಇರುವುದಿಲ್ಲ. ಪಿಸ್ಟನ್ ಮತ್ತು ಸ್ಲೀವ್ ಒಂದಕ್ಕೊಂದು ಹೊಂದಿ ಕೂರುವ ಬಿಗಿಯ ಮೇಲೇ ಕಂಪ್ರೆಶನ್ ನಿಂತಿರುತ್ತದೆ.

ಸರಿಯಾಗಿ ಕೊರೆದರೂ ನಿಮಗೆ ಲಾಭ ಕಡಿಮೆ. ಎಕ್ಸಾಸ್ಟ್ ಪೋರ್ಟ್ ಎತ್ತರಿಸಿದರೆ ಅದು ಬೇಗ ತೆರೆಯುತ್ತದೆ, ತಡವಾಗಿ ಮುಚ್ಚುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಬರುತ್ತದೆ, ಕೆಳಗಿನ ಎಳೆತ ಹೋಗುತ್ತದೆ. ನಿಮಗೆ ಬೇಕಾಗಿರುವುದೇ ಎಳೆತ, ಅಲ್ವಾ?

ಮೊದಲಿದ್ದ ಎಳೆತ ಹೋಗಿದೆ ಎಂದರೆ ನನ್ನ ಮೊದಲ ಅನುಮಾನ ಗಾಳಿ ಸೋರಿಕೆ ಮೇಲೆ. ಕಾರ್ಬ್ಯುರೇಟರ್ ಕುತ್ತಿಗೆಯ ಓ-ರಿಂಗ್ ಗಟ್ಟಿಯಾಗಿ ಸೀಳು ಬಿಡುತ್ತದೆ, ಹಿಂದಿನ ಪ್ಲೇಟಿನ ಸ್ಕ್ರೂ ಅದುರಿ ಸಡಿಲವಾಗುತ್ತದೆ. ಅಲ್ಲಿಂದ ಗಾಳಿ ಒಳಗೆ ಬಂದರೆ ನೀವು ನೀಡಲ್‌ನಲ್ಲಿ (ಇಂಧನದ ಪ್ರಮಾಣ ಹೊಂದಿಸುವ ಸ್ಕ್ರೂನಲ್ಲಿ) ಏನೇ ಸೆಟ್ ಮಾಡಿದರೂ ಹತ್ತು ನಿಮಿಷಕ್ಕೆ ಬದಲಾಗುತ್ತದೆ. ಐಡ್ಲಿಂಗ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಜನ ಇದನ್ನು ನೋಡಿ ಪ್ಲಗ್ ಬದಲಿಸುತ್ತಾರೆ, ಆಮೇಲೆ ಇಂಧನವನ್ನು ಬೈಯುತ್ತಾರೆ.

ಪರೀಕ್ಷೆ ಸುಲಭ. ಇಂಜಿನ್ ಬಿಚ್ಚಿಕೊಳ್ಳಿ, ಗ್ಲೋ ಪ್ಲಗ್ (ಇಂಧನ ಹೊತ್ತಿಸುವ ಪ್ಲಗ್) ಹಾಗೇ ಇರಲಿ. ಥ್ರಾಟಲ್ ಪೂರ್ತಿ ತೆರೆದಿಡಿ. ಎಕ್ಸಾಸ್ಟ್ ಬಾಯಿಗೆ ರಬ್ಬರ್ ಒತ್ತಿ, ಕಾರ್ಬ್ಯುರೇಟರ್ ಬಾಯಿಗೆ ಹೆಬ್ಬೆರಳು ಒತ್ತಿ. ಇಂಧನ ಬರುವ ತುದಿಗೆ ಟ್ಯೂಬ್ ಸಿಕ್ಕಿಸಿ ಸಿರಿಂಜ್‌ನಿಂದ ಗಾಳಿ ತಳ್ಳಿ. ಬಾಯಿಂದ ಊದಬೇಡಿ, ಟ್ಯೂಬಿನಲ್ಲಿ ಮೆಥನಾಲ್ ಉಳಿದಿರುತ್ತದೆ. ಕೈ ಸಾಲುವುದಿಲ್ಲ, ಗೆಳೆಯನನ್ನು ಈ ಕೆಲಸಕ್ಕೆ ಕರೆಯಿರಿ. ಇಂಜಿನನ್ನು ನೀರಿನಲ್ಲಿ ಮುಳುಗಿಸಿ ಫ್ಲೈವೀಲ್ ನಿಧಾನ ತಿರುಗಿಸಿ. ಮುಂದಿನ ಬೇರಿಂಗ್‌ನಿಂದ ಒಂದೆರಡು ಗುಳ್ಳೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಕಾರ್ಬ್ಯುರೇಟರ್ ಬುಡದಿಂದಲೋ ಹಿಂದಿನ ಪ್ಲೇಟಿನಿಂದಲೋ ಸಾಲಾಗಿ ಎದ್ದರೆ ಕಳ್ಳ ಸಿಕ್ಕಿದ ಹಾಗೆ. ಓ-ರಿಂಗ್ ಬದಲಿಸಿ, ಜಾಗವನ್ನು ಚೆನ್ನಾಗಿ ಒರೆಸಿ, ಬಿಸಿ ತಡೆಯುವ ಸಿಲಿಕಾನ್ ತೆಳ್ಳಗೆ ಹಚ್ಚಿ ರಾತ್ರಿಯಿಡೀ ಒಣಗಲು ಬಿಡಿ. ಅದಕ್ಕೂ ಮುಂಚೆ, ನೀರಿನಿಂದ ತೆಗೆದ ತಕ್ಷಣ ಒಣಗಿಸಿ ಒಳಗೆ ಆಫ್ಟರ್-ರನ್ ಎಣ್ಣೆ ಬಿಡಿ. ಇಲ್ಲದಿದ್ದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಸೋರಿಕೆ ನಿಂತ ಮೇಲೆ ಟ್ಯೂನಿಂಗ್. ಮೇನ್ ನೀಡಲ್ ಅನ್ನು ಒಂದು ಸಲಕ್ಕೆ ಅರೆಕಾಲು ಸುತ್ತು, ಅಂದರೆ ಎಂಟರಲ್ಲಿ ಒಂದು ಭಾಗ ಮಾತ್ರ ತಿರುಗಿಸಿ. ಫುಲ್ ಥ್ರಾಟಲ್‌ನಲ್ಲಿ ಹೊಗೆಯ ತೆಳು ಗೆರೆ ಕಾಣುತ್ತಲೇ ಇರಬೇಕು. ಇನ್ನು ಲೋ ನೀಡಲ್. ಐಡ್ಲಿಂಗ್‌ನಲ್ಲಿ ಇಂಧನದ ಟ್ಯೂಬ್ ಚಿವುಟಿ ಹಿಡಿಯಿರಿ. ಮೂರು ನಾಲ್ಕು ಸೆಕೆಂಡಿಗೆ ಇಂಜಿನ್ ಸ್ವಲ್ಪ ಏರಿ ಆಫ್ ಆದರೆ ಸರಿಯಿದೆ. ತಟ್ಟನೆ ನಿಂತರೆ ಲೀನ್, ಅಂದರೆ ಇಂಧನ ಕಡಿಮೆ. ತುಂಬ ಹೊತ್ತು ಎಳೆದರೆ ರಿಚ್, ಅಂದರೆ ಇಂಧನ ಜಾಸ್ತಿ.

30 ಪರ್ಸೆಂಟ್ ನೈಟ್ರೋ ಬಗ್ಗೆ. ನೈಟ್ರೋಮೀಥೇನ್ ತನ್ನೊಳಗೇ ಆಕ್ಸಿಜನ್ ಹೊತ್ತು ತರುತ್ತದೆ. ಒಂದು ಕಿಲೋ ಮೆಥನಾಲ್ ಉರಿಯಲು ಸುಮಾರು 6.4 ಕಿಲೋ ಗಾಳಿ ಬೇಕು, ನೈಟ್ರೋಮೀಥೇನ್‌ಗೆ 1.7 ಕಿಲೋ ಸಾಕು. ಅದೇ ಗಾಳಿಯಲ್ಲಿ ಜಾಸ್ತಿ ಇಂಧನ ಉರಿಸಬಹುದು, ಶಕ್ತಿ ಬರುವುದು ಅದರಿಂದ. ಆದ್ದರಿಂದ 30 ಹಾಕಿದ ಮೇಲೆ ನೀಡಲ್ ಇನ್ನಷ್ಟು ತೆರೆಯಬೇಕು, ಹೆಡ್ ಕೆಳಗೆ 0.1 ಮಿಮೀ ಶಿಮ್ (ತೆಳು ಲೋಹದ ಬಿಲ್ಲೆ) ಒಂದು ಸೇರಿಸಿ ಕಂಪ್ರೆಶನ್ ಇಳಿಸಬೇಕು. ಇಲ್ಲದಿದ್ದರೆ ಮಿಕ್ಸ್ಚರ್ ಹೊತ್ತಿಗೆ ಮುಂಚೆಯೇ ಉರಿಯುತ್ತದೆ. ಬಾಣಲೆಯಲ್ಲಿ ಸಾಸಿವೆ ಚಟಪಟ ಸಿಡಿದ ಹಾಗೆ ಕೇಳುತ್ತದೆ. ಪ್ಲಗ್ ಬಿಚ್ಚಿದರೆ ಒಳಗಿನ ತಂತಿ ನಜ್ಜುಗುಜ್ಜಾಗಿರುತ್ತದೆ. ಖರ್ಚು ನೋಡಿದರೆ ನಿಮಗೆ 20 ಸಾಕು ಅಂತ ನನ್ನ ಅಭಿಪ್ರಾಯ.

ಇಷ್ಟಾದ ಮೇಲೂ ದುಡ್ಡು ಕೈ ಕಡಿಯುತ್ತಿದ್ದರೆ ಪೈಪ್‌ಗೆ ಹಾಕಿ. ಟ್ಯೂನ್ಡ್ ಪೈಪಿನ ಒಳಗೆ ಹೋದ ಒತ್ತಡದ ಅಲೆ ತುದಿಯ ಶಂಕುವಿಗೆ ಬಡಿದು ವಾಪಸ್ ಬರುತ್ತದೆ. ಎಕ್ಸಾಸ್ಟ್‌ಗೆ ತಪ್ಪಿಸಿಕೊಂಡು ಬಂದ ಹೊಸ ಮಿಕ್ಸ್ಚರನ್ನು ಮತ್ತೆ ಸಿಲಿಂಡರ್ ಒಳಗೆ ತಳ್ಳುತ್ತದೆ. ಇಂಜಿನ್ ಮತ್ತು ಪೈಪ್ ನಡುವಿನ ಹೆಡರ್ ಉದ್ದವಿದ್ದರೆ ಕೆಳಗಿನ ಎಳೆತ, ಗಿಡ್ಡವಿದ್ದರೆ ಮೇಲಿನ ಸ್ಪೀಡ್. ಬರೀ ಟಾಪ್ ಸ್ಪೀಡ್ ಬೇಕಾದರೆ ಕ್ಲಚ್ ಬೆಲ್‌ನಲ್ಲಿ (ಚಕ್ರಗಳ ಕಡೆಗೆ ಶಕ್ತಿ ದಾಟಿಸುವ ಹಲ್ಲುಗಾಲಿಯಲ್ಲಿ) ಒಂದು ಹಲ್ಲು ಜಾಸ್ತಿ ಇರುವುದನ್ನು ಹಾಕಿ. ಅಷ್ಟು ಅಗ್ಗದ ಬದಲಾವಣೆ ಇನ್ನೊಂದಿಲ್ಲ. ಇಂಜಿನ್ ಬಿಸಿ ಮಾತ್ರ ಸ್ವಲ್ಪ ಏರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ನೀಟಾಗಿ ಓಡುವ ಕಾರು ಮಂಗಳೂರಿಗೆ ಒಯ್ದಾಗಲೆಲ್ಲ ಬಿಸಿಯಾಗಿ ನಿಲ್ಲುತ್ತದೆ. ಸೆಕೆಯಿಂದಲಾ?

ಉತ್ತರ: ಸೆಕೆಗಿಂತ ಎತ್ತರದ್ದು ಜಾಸ್ತಿ ಪಾತ್ರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಅಲ್ಲಿ ಸುಮಾರು ಶೇ 10 ಕಡಿಮೆ. ನೀವು ಆ ತೆಳು ಗಾಳಿಗೆ ನೀಡಲ್ ಬಿಗಿ ಮಾಡಿದ್ದೀರಿ. ಘಟ್ಟ ಇಳಿದ ಮೇಲೆ ಅದೇ ನೀಡಲ್, ಆದರೆ ಗಾಳಿ ದಟ್ಟ. ಮಿಕ್ಸ್ಚರ್ ಲೀನ್ ಆಗಿ ಇಂಜಿನ್ ಕಾಯುತ್ತದೆ. ಕರಾವಳಿಯ ಸೆಕೆ, ತೇವ ಎರಡೂ ಗಾಳಿಯನ್ನು ಸ್ವಲ್ಪ ಹಗುರ ಮಾಡುವುದು ನಿಜ, ಆದರೆ ಈ ವ್ಯತ್ಯಾಸವನ್ನು ಪೂರ್ತಿ ತುಂಬುವಷ್ಟು ಅಲ್ಲ. ಅಲ್ಲಿ ಹೋದ ತಕ್ಷಣ ಮೇನ್ ನೀಡಲ್ ಅರೆಕಾಲು ಸುತ್ತು ತೆರೆದು ಶುರು ಮಾಡಿ.

ಟೆಂಪರೇಚರ್ ಗನ್ ಇದ್ದರೆ ಪ್ಲಗ್ ಹತ್ತಿರ ಹಿಡಿಯಿರಿ. 100ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ. ಗನ್ ಇಲ್ಲವೇ? ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡುತ್ತೇವಲ್ಲ, ಹಾಗೇ ಹೆಡ್ ಮೇಲೆ ಒಂದು ಹನಿ ಬಿಡಿ. ಮೂರು ನಾಲ್ಕು ಸೆಕೆಂಡ್ ಕುದಿದು ಆರಿದರೆ ಸರಿ. ಬಿದ್ದ ಕೂಡಲೇ ಚುಂಯ್ ಅಂತ ಮಾಯವಾದರೆ ಕಾರು ನಿಲ್ಲಿಸಿ, ನೀಡಲ್ ತೆರೆಯಿರಿ.

ಪ್ರಶ್ನೆ: ಹೊಸ ಇಂಜಿನ್ ತಿರುಗಿಸಿದರೆ ಮೇಲ್ಗಡೆ ಸಿಕ್ಕಿಹಾಕಿಕೊಳ್ಳುತ್ತದೆ. ಎಮರಿ ಪೇಪರ್‌ನಲ್ಲಿ ಸ್ವಲ್ಪ ತಿಕ್ಕಲಾ?

ಉತ್ತರ: ಬೇಡವೇ ಬೇಡ. ಸ್ಲೀವ್ ಮೇಲೆ ಹೋದಂತೆ ಕಿರಿದಾಗುವ ಹಾಗೇ ಮಾಡಿರುತ್ತಾರೆ. ಬಿಸಿಯಾದಾಗ ಅದು ಹಿಗ್ಗಿ ಸರಿಹೋಗುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಹೇರ್ ಡ್ರೈಯರ್‌ನಿಂದ ಹೆಡ್ ಚೆನ್ನಾಗಿ ಕಾಯಿಸಿ. ಆಫ್ ಮಾಡಿದ ಮೇಲೆ ಫ್ಲೈವೀಲ್ ತಿರುಗಿಸಿ ಪಿಸ್ಟನ್ ಕೆಳಗಿರುವ ಹಾಗೆ ನಿಲ್ಲಿಸಿ. ಇಲ್ಲದಿದ್ದರೆ ತಣ್ಣಗಾಗುವಾಗ ಸ್ಲೀವ್ ಕುಗ್ಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ನೈಟ್ರೋ ಇಂಧನ ದುಬಾರಿ. ಪೆಟ್ರೋಲ್ ಜೊತೆ ಬೈಕಿನ 2ಟಿ ಎಣ್ಣೆ ಬೆರೆಸಿ ಹಾಕಬಹುದಾ?

ಉತ್ತರ: ಓಡುವುದಿಲ್ಲ. ಇಲ್ಲಿ ಕಿಡಿ ಹಾರುವ ಪ್ಲಗ್ ಇಲ್ಲ. ಮೆಥನಾಲ್ ತಾಗಿದಾಗ ಕೆಂಪಗಾಗೇ ಉಳಿಯುವ ಪ್ಲಾಟಿನಂ ತಂತಿ ಇದೆ. ಪೆಟ್ರೋಲ್‌ಗೆ ಅದು ಹಾಗೆ ಸ್ಪಂದಿಸುವುದಿಲ್ಲ. ಮೆಥನಾಲ್‌ಗೆ ಸಾಮಾನ್ಯ ಮಿನರಲ್ 2ಟಿ ಎಣ್ಣೆಯೂ ಬೆರೆಯುವುದಿಲ್ಲ, ಪದರ ಪದರವಾಗಿ ನಿಲ್ಲುತ್ತದೆ. ಚೆನ್ನಾಗಿ ಬೆರೆಯುವುದು ನಮ್ಮ ಹರಳೆಣ್ಣೆ. ಆದರೆ ಅಜ್ಜಿ ಕಾಯಿಸಿದ ಹರಳೆಣ್ಣೆ ಅಲ್ಲ, ಅಂಟು ತೆಗೆದು ಶುದ್ಧ ಮಾಡಿದ್ದು. ಸದ್ಯಕ್ಕೆ ರೆಡಿ ಇಂಧನವನ್ನೇ ಕೊಳ್ಳಿ, ಡಬ್ಬಿಯ ಮುಚ್ಚಳ ಬಿಗಿಯಾಗಿಡಿ, ಅದು ಗಾಳಿಯ ತೇವ ಹೀರುತ್ತದೆ. ನೀರಿನ ಬಾಟಲಿಗಂತೂ ಯಾವತ್ತೂ ಸುರಿದಿಡಬೇಡಿ. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣೇ ಹೋಗಬಹುದು. ಚೆಲ್ಲಿ ಹೊತ್ತಿಕೊಂಡರೆ ಹಗಲು ಬಿಸಿಲಲ್ಲಿ ಅದರ ಉರಿ ಕಾಣುವುದೇ ಇಲ್ಲ.