ಯಾದಗಿರಿಯ ಬಿಪಿಎಲ್ ಕಾರ್ಡಿಗೆ ಪುಣೆಯಲ್ಲಿ ರೇಷನ್ ಸಿಗುತ್ತಿಲ್ಲ: ಪ್ರತಿಕ್ರಿಯೆ

ಪುಣೆಯಲ್ಲಿ ಸಿಮೆಂಟ್ ಕೆಲಸ ಮಾಡುವ ನಿಮ್ಮ ತಮ್ಮನಿಗೆ ಯಾದಗಿರಿಯ ಬಿಪಿಎಲ್ ಕಾರ್ಡಿನಲ್ಲಿ ಅಲ್ಲಿ ರೇಷನ್ ಸಿಗುತ್ತಿಲ್ಲ ಎಂದು ಕೇಳಿದ್ದೀರಿ. ಪುಣೆಯ ರೇಷನ್ ಅಂಗಡಿಯ ಯಂತ್ರ ಅವರ ಬೆರಳಚ್ಚು ಒಪ್ಪುತ್ತಿಲ್ಲ ಎಂದರೆ ಬಹುಶಃ ಅವರ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಬಾಕಿ ಇದೆ. ಮೊದಲು ಮೊಬೈಲಿನಲ್ಲಿ 'ಮೇರಾ ರೇಷನ್' ಆ್ಯಪ್ ತೆರೆದು ಆಧಾರ್ ಸಂಖ್ಯೆ, ಒಟಿಪಿ ಹಾಕಿ ಕುಟುಂಬದ ವಿವರದಲ್ಲಿ ಅವರ ಹೆಸರಿನ ಮುಂದೆ ಏನಿದೆ ನೋಡಿ. ಬಾಕಿ ಇದ್ದರೆ ಪುಣೆಯ ರೇಷನ್ ಅಂಗಡಿಯಲ್ಲೇ ಮಾಡಿಸಬಹುದು, ಊರಿಗೆ ಹೋಗಬೇಕಿಲ್ಲ.

ಎಲ್ಲ ಸರಿಯಿದ್ದರೆ ಸಿಮೆಂಟ್ ಕೆಲಸದಿಂದ ಬೆರಳ ಗೆರೆ ಸವೆದಿರಬಹುದು. ಕೈ ತೊಳೆದು ಒರೆಸಿ ಬೇರೆ ಬೆರಳು ಇಡಲಿ. ಆಗದಿದ್ದರೆ ಕಣ್ಣಿನ ಸ್ಕ್ಯಾನ್ ಕೇಳಲಿ.

ಇನ್ನೊಂದು ಮುಖ್ಯ. ಊರಲ್ಲಿ ಮನೆಯವರು ಆ ತಿಂಗಳ ಪೂರ್ತಿ ಧಾನ್ಯ ಎತ್ತಿಬಿಟ್ಟರೆ ಪುಣೆಯಲ್ಲಿ ಪಡೆಯಲು ಏನೂ ಉಳಿಯುವುದಿಲ್ಲ. ತಮ್ಮನ ಪಾಲಿನ 5 ಕೆಜಿ ಬಿಡಲು ಮನೆಯವರಿಗೆ ಹೇಳಿ. ಕರ್ನಾಟಕ ಸರ್ಕಾರ ಕೊಡುವ ಅನ್ನಭಾಗ್ಯದ ಹೆಚ್ಚುವರಿ ಧಾನ್ಯ ಹೊರರಾಜ್ಯದಲ್ಲಿ ಸಿಗದು. ಅಂಗಡಿಯವರು ಆಮೇಲೂ ನಿರಾಕರಿಸಿದರೆ ರೇಷನ್ ಸಹಾಯವಾಣಿ 14445ಕ್ಕೆ ಕರೆ ಮಾಡಿ.