ಪ್ರಮಾಣಪತ್ರಗಳು ಹೆಚ್ಚುತ್ತಿವೆ, ಪಾಠದ ಉತ್ಸಾಹ ಕುಂದುತ್ತಿದೆ: ಇಂಗ್ಲಿಷ್ ಶಿಕ್ಷಕಿ ಏನು ಮಾಡಬೇಕು?

ಎಂಟು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೀರಿ. ವಾರದ ರಜೆಯನ್ನು ಆನ್‌ಲೈನ್ ತರಬೇತಿ ನುಂಗುತ್ತಿದೆ, ರಾತ್ರಿಗಳನ್ನು ನೋಟ್‌ಬುಕ್‌ಗಳು. ಇನ್ನೊಂದು ಕೋರ್ಸ್ ಸೇರಲೇ, ಎಲ್ಲ ಬಿಟ್ಟು ಸುಮ್ಮನಿರಲೇ ಎಂದು ಕೇಳಿದ್ದೀರಿ. ಇದೇ ಕೆಲಸದಲ್ಲಿ ನನಗೆ ಇಪ್ಪತ್ತೆರಡು ವರ್ಷ ಕಳೆದಿದೆ. ನನ್ನನ್ನು ಕೇಳಿದರೆ, ಮೊದಲು ಆ ಕೆಂಪು ಪೆನ್ನು ಕೆಳಗಿಡಿ. ಕೋರ್ಸಿನ ಮಾತು ಆಮೇಲೆ.

ನಾನೂ ಒಂದು ಕಾಲಕ್ಕೆ ಪ್ರತಿ ಪ್ರಬಂಧದ ಪ್ರತಿ ತಪ್ಪನ್ನೂ ತಿದ್ದುತ್ತಿದ್ದವಳು. ಒಂದು ಪ್ರಬಂಧಕ್ಕೆ ಹತ್ತು ನಿಮಿಷ ಹಿಡಿದರೂ ನಲವತ್ತಕ್ಕೆ ಆರೂವರೆ ಗಂಟೆ ಮೀರುತ್ತದೆ, ಅದೂ ಒಂದೇ ತರಗತಿಗೆ. ಒಂದು ರಾತ್ರಿ ಒಬ್ಬ ಹುಡುಗ ಬರೆದಿದ್ದ ‘ಹಿ ಗೋ’ ಎಂಬುದನ್ನು ‘ಹಿ ಗೋಸ್’ ಎಂದು ತಿದ್ದುವಾಗ ಏನೋ ಅನುಮಾನ ಬಂದು ಹಿಂದಿನ ಪುಟಗಳನ್ನು ತಿರುವಿದೆ. ಅದೇ ತಿದ್ದುಪಡಿ, ನನ್ನದೇ ಕೈಬರಹದಲ್ಲಿ, ಐದು ಕಡೆ ಇತ್ತು. ಮರುದಿನ ಅವನನ್ನು ಕರೆದು ಕೇಳಿದರೆ, ‘ನಾನು ಅಂಕ ಮಾತ್ರ ನೋಡುತ್ತೇನೆ ಮಿಸ್’ ಎಂದ. ಪಾಪ, ಸುಳ್ಳು ಹೇಳಲಿಲ್ಲ.

ಬರವಣಿಗೆಯಲ್ಲಿನ ವ್ಯಾಕರಣ ದೋಷಗಳನ್ನು ತಿದ್ದುವುದರಿಂದ ಪ್ರಯೋಜನವಿಲ್ಲ, ಹಾನಿಯೇ ಇದೆ ಎಂದು ಭಾಷಾಬೋಧನೆಯ ಸಂಶೋಧಕ ಜಾನ್ ಟ್ರಸ್ಕಾಟ್ 1996ರಲ್ಲೇ ವಾದಿಸಿದ್ದರು. ಅದೇ ಕ್ಷೇತ್ರದ ಸಂಶೋಧಕಿ ಡೇನಾ ಫೆರಿಸ್ 1999ರಲ್ಲಿ ಅದಕ್ಕೆ ಪ್ರತಿವಾದ ಹೂಡಿದರು. ಜಗಳ ಇನ್ನೂ ಮುಗಿದಿಲ್ಲ, ನಾನೂ ಟ್ರಸ್ಕಾಟ್ ಅವರಷ್ಟು ದೂರ ಹೋಗುವುದಿಲ್ಲ. ಆದರೆ ಎಲ್ಲವನ್ನೂ ತಿದ್ದಲೇಬೇಕೆಂಬ ನನ್ನ ಹಟ ಅಲ್ಲಿಗೆ ಸಡಿಲವಾಯಿತು. ಈಗ ಒಂದು ಪ್ರಬಂಧದಲ್ಲಿ ಒಂದೇ ಬಗೆಯ ತಪ್ಪನ್ನು ಹುಡುಕುತ್ತೇನೆ, ಈ ಸಲ ಭೂತಕಾಲ, ಮುಂದಿನ ಸಲ ಆರ್ಟಿಕಲ್. ಅಡಿಗೆರೆ ಮಾತ್ರ ಎಳೆಯುತ್ತೇನೆ, ಸರಿಪಡಿಸುವುದು ಬರೆದವರ ಪಾಲು. ಹಲವರು ಮಾಡಿದ ತಪ್ಪುಗಳಿಂದ ನಾಲ್ಕೈದು ವಾಕ್ಯ ಆರಿಸಿ, ಹೆಸರು ಹೇಳದೆ ಬೋರ್ಡಿನ ಮೇಲೆ ಬರೆದರೆ ತರಗತಿಯೇ ತಿದ್ದುತ್ತದೆ. ಪ್ರಬಂಧದ ಕೊನೆಯಲ್ಲಿ, ಬರೆದವರು ಹೇಳಿದ ವಿಷಯದ ಬಗ್ಗೆ ಒಂದು ಸಾಲು ಬರೆಯುತ್ತೇನೆ. ಅದನ್ನು ಮಾತ್ರ ಎಲ್ಲರೂ ಓದುತ್ತಾರೆ, ಅಕ್ಕಪಕ್ಕದವರಿಗೂ ತೋರಿಸುತ್ತಾರೆ. ನನಗೆ ವಾರಕ್ಕೆ ಎರಡು ರಾತ್ರಿ ಮರಳಿ ಸಿಕ್ಕವು.

ನಿಮ್ಮ ದಣಿವು ನಿಮ್ಮ ದೌರ್ಬಲ್ಯವೇ ಎಂದೂ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2019ರಲ್ಲಿ ಅಂಗೀಕಾರವಾಯಿತು. ಅದರಲ್ಲಿ ಬರ್ನ್‌ಔಟ್‌ಗೆ, ಅಂದರೆ ಕೆಲಸದಿಂದ ಬರುವ ತೀವ್ರ ಬಳಲಿಕೆಗೆ, ಮೂರು ಗುರುತುಗಳಿವೆ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೈಲಾಗುತ್ತಿಲ್ಲವೆಂಬ ಭಾವ. ಅದನ್ನು ಕಾಯಿಲೆ ಎನ್ನದೆ, ಕೆಲಸದ ಸ್ಥಳದಲ್ಲಿ ಹಿಡಿತಕ್ಕೆ ಸಿಗದೆ ಬಹುಕಾಲ ಉಳಿದ ಒತ್ತಡದ ಫಲ ಎಂದಿದ್ದಾರೆ. ಅಂದರೆ ಹೊರೆ ಇಳಿಯಬೇಕು. ಹೊರೆಯನ್ನು ಹಾಗೆಯೇ ಬಿಟ್ಟು ಶಿಕ್ಷಕರಿಗೆ ಉಸಿರಾಟದ ವ್ಯಾಯಾಮ ಕಲಿಸುವ ಕಾರ್ಯಾಗಾರಗಳನ್ನು ಕಂಡರೆ ನನಗೆ ಕೋಪ ಬರುತ್ತದೆ. ನಿದ್ದೆ, ಊಟ ಕೆಟ್ಟಿದ್ದರೆ ವೈದ್ಯರನ್ನು ಕಾಣಿರಿ, ಅದು ಬೇರೆ ಮಾತು.

ಇನ್ನು ವೃತ್ತಿಯ ಬೆಳವಣಿಗೆ. ಅತ್ಯುತ್ತಮ ವಿಧಾನ ಎಂಬುದಿಲ್ಲ, ಒಳ್ಳೆಯ ಬೋಧನೆಯ ಶತ್ರು ಕೆಟ್ಟ ವಿಧಾನವಲ್ಲ, ಯಾಂತ್ರಿಕತೆ ಎಂದು ಭಾಷಾಬೋಧನಾ ತಜ್ಞ ಎನ್. ಎಸ್. ಪ್ರಭು 1990ರ ಲೇಖನವೊಂದರಲ್ಲಿ ವಾದಿಸಿದ್ದರು. ನಿಮ್ಮ ಪ್ರಶ್ನೆ ಓದಿದಾಗ ನನಗೆ ನೆನಪಾದದ್ದು ಅದೇ. ಯಾಂತ್ರಿಕತೆಯನ್ನು ಮುರಿಯಲು ಕೋರ್ಸೇ ಬೇಕೆಂದಿಲ್ಲ. ಮೊಬೈಲ್ ಅನ್ನು ಮೇಜಿನ ಮೇಲಿಟ್ಟು ನಿಮ್ಮ ಒಂದು ಪಾಠದ ಧ್ವನಿಯನ್ನು ಮುದ್ರಿಸಿಕೊಳ್ಳಿ. ನಾನು ಮೊದಲ ಸಲ ಕೇಳಿದಾಗ ನಾಚಿಕೆಯಾಯಿತು: ಪ್ರಶ್ನೆ ನನ್ನದೇ, ಉತ್ತರವೂ ನನ್ನದೇ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳಲ್ಲಿ ಕಂಡುಕೊಂಡದ್ದೂ ಇದನ್ನೇ. ಪ್ರಶ್ನೆ ಕೇಳಿದ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡ್, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ. ಪರಭಾಷೆಯಲ್ಲಿ ವಾಕ್ಯ ಕಟ್ಟುವವರಿಗೆ ಆ ಬಿಡುವು ಇನ್ನೂ ಮುಖ್ಯ. ಮುಂದಿನ ಪಾಠದಲ್ಲಿ ಮೇಜಿನ ಕೆಳಗೆ ಬೆರಳು ಎಣಿಸುತ್ತಾ ಕಾದೆ. ನಾಲ್ಕನೆಯ ಬೆರಳಿಗೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ‘ಬಿಕಾಸ್…’ ಎಂದು ಶುರುಮಾಡಿದಳು. ವರ್ಷವಿಡೀ ಅವಳ ಧ್ವನಿ ಕೇಳಿರಲಿಲ್ಲ. ಇದರಿಂದ ಗಂಟಲಿಗೂ ವಿಶ್ರಾಂತಿ ಸಿಗುತ್ತದೆ ಎಂಬುದು ನನಗೆ ಆಮೇಲೆ ಹೊಳೆಯಿತು.

ಯಾವ ತರಬೇತಿಯಲ್ಲೂ ಬಾರದ ಇನ್ನೊಂದು ಸಂಗತಿಯಿದೆ. ದಿನವಿಡೀ ಕಲಿಯುವವರ ಮಟ್ಟದ ಇಂಗ್ಲಿಷ್ ಆಡಿ ಆಡಿ ನಮ್ಮ ಸ್ವಂತ ಇಂಗ್ಲಿಷ್‌ಗೆ ತುಕ್ಕು ಹಿಡಿಯುತ್ತದೆ, ಆಮೇಲೆ ಸಹೋದ್ಯೋಗಿಗಳ ಮುಂದೆ ಬಾಯಿ ತೆರೆಯಲೂ ಅಳುಕು. ಮಲಗುವ ಮುನ್ನ ಇಪ್ಪತ್ತು ನಿಮಿಷ ನಿಮಗೆ ಇಷ್ಟವಾದದ್ದನ್ನು ಓದಿ, ಪತ್ತೇದಾರಿ ಕತೆಯಾದರೂ ಸರಿ. ಪಾಠಕ್ಕೆ ಉಪಯೋಗವಾಗುತ್ತದೆಯೇ ಎಂದು ನೋಡಲು ಹೋಗಬೇಡಿ.

ಕೋರ್ಸಿನ ವಿಷಯಕ್ಕೆ ಬಂದರೆ, ಕೆಲಸ ಬದಲಿಸಬೇಕಿದ್ದರೆ ಇಂಗ್ಲಿಷ್ ಶಿಕ್ಷಕರಿಗಾಗಿ ಕೇಂಬ್ರಿಜ್ ನೀಡುವ ಸೆಲ್ಟಾ, ಡೆಲ್ಟಾದಂಥ ಅರ್ಹತೆಗಳಿಗೆ ಬೆಲೆಯಿದೆ. ಅವುಗಳಲ್ಲಿ ನಿಮ್ಮ ಪಾಠವನ್ನು ಒಬ್ಬರು ಕುಳಿತು ನೋಡಿ ಮಾತನಾಡುತ್ತಾರೆ. ವಿಡಿಯೊ ನೋಡಿ ಸರಿಯುತ್ತರ ಒತ್ತಿದರೆ ಸಿಗುವ ಪ್ರಮಾಣಪತ್ರಗಳನ್ನು ಈ ವರ್ಷ ಕೈಬಿಡಿ. ಆ ಬಿಡುವಿನಲ್ಲಿ ನಂಬಿಕೆಯ ಸಹೋದ್ಯೋಗಿ ಒಬ್ಬರನ್ನು ನಿಮ್ಮ ತರಗತಿಗೆ ಕರೆಯಿರಿ. ‘ಪಾಠ ಹೇಗಿತ್ತು’ ಎಂದು ಕೇಳಬೇಡಿ, ‘ಚೆನ್ನಾಗಿತ್ತು’ ಎಂದು ಹೇಳಿ ಹೋಗುತ್ತಾರೆ. ಯಾರು ಮಾತನಾಡಿದರು, ಯಾರು ಮಾತನಾಡಲಿಲ್ಲ, ಅಷ್ಟನ್ನೇ ಬರೆದುಕೊಡಲು ಹೇಳಿ.