ಕಾರು ಲೀಸ್‌ಗೆ ತಗೊಂಡರೆ ಟ್ಯಾಕ್ಸ್ ಉಳಿಯುತ್ತಾ?

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಹತ್ತಿರ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಜಿಎಸ್‌ಟಿ ನಂಬರ್ ಇದೆ. 9 ಲಕ್ಷದ ಪೆಟ್ರೋಲ್ ಕಾರು ನೋಡಿದ್ದೇನೆ. ಅಂಗಡಿ ಹೆಸರಲ್ಲಿ ತಗೊಂಡರೆ ಜಿಎಸ್‌ಟಿ ವಾಪಸ್ ಬರುತ್ತೆ ಅಂತ ಒಬ್ಬರು, ಲೀಸ್‌ಗೆ ತಗೊಂಡರೆ ಟ್ಯಾಕ್ಸೇ ಇಲ್ಲ ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ನಿಜ ಸಾರ್?

ಉತ್ತರ: ಎರಡೂ ನಿಜವಲ್ಲ.

ಮೊದಲು ಲೀಸ್ ಅನ್ನುವ ಪದದ ಬಗ್ಗೆ ಒಂದು ಮಾತು. ನಮ್ಮ ಕಡೆ ಮನೆ ಲೀಸ್ ಅಂದರೆ ಭೋಗ್ಯ. ಕೊಟ್ಟ ದುಡ್ಡು ಕೊನೆಗೆ ವಾಪಸ್ ಬರುತ್ತದೆ. ಕಾರಿನ ಲೀಸ್ ಹಾಗಲ್ಲ, ಅದು ಶುದ್ಧ ಬಾಡಿಗೆ. ಕಟ್ಟಿದ್ದು ಹೋಯಿತು, ಕಾರೂ ನಿಮ್ಮದಾಗುವುದಿಲ್ಲ.

ಈಗ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿಎಸ್‌ಟಿ 18%. ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ಒಳಗೆ, ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. ಅದಕ್ಕಿಂತ ದೊಡ್ಡದಕ್ಕೆ 40%, ಎಲೆಕ್ಟ್ರಿಕ್‌ಗೆ 5%. ನಿಮ್ಮದು ಸಣ್ಣ ಕಾರು ಅಂತ ಇಟ್ಟುಕೊಂಡರೆ, 9 ಲಕ್ಷದ ಎಕ್ಸ್ ಶೋರೂಂ ಬೆಲೆಯೊಳಗೆ ಸುಮಾರು 1,37,000 ರೂಪಾಯಿ ಜಿಎಸ್‌ಟಿಯೇ ಇದೆ.

ಇದು ನಿಮಗೆ ವಾಪಸ್ ಬರಲ್ಲ. ಡ್ರೈವರ್ ಸೇರಿ 13 ಸೀಟಿನವರೆಗಿನ ಗಾಡಿಗೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಕೊಡಬಾರದು ಅಂತ ಕಾನೂನಿನಲ್ಲೇ ಇದೆ. ಟ್ಯಾಕ್ಸಿ ಓಡಿಸುವವರು, ಡ್ರೈವಿಂಗ್ ಸ್ಕೂಲಿನವರು, ಕಾರು ಮಾರುವವರಿಗೆ ಮಾತ್ರ ವಿನಾಯಿತಿ. ಕಬ್ಬಿಣ, ಸಿಮೆಂಟ್ ಸಾಗಿಸಲು ಗೂಡ್ಸ್ ಗಾಡಿ ತಗೊಂಡಿದ್ದರೆ ಕ್ರೆಡಿಟ್ ಪೂರ್ತಿ ಸಿಗುತ್ತಿತ್ತು, ನೀವು ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಸ್ಕೀಮು) ಇಲ್ಲದಿದ್ದರೆ. ಹೆಂಡತಿ ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋಗೋಕಾಗಲ್ಲ, ಅಲ್ವಾ?

ಲೀಸ್ ತಗೊಂಡರೂ ಇದೇ ಕಥೆ. ಕಾರಿಗೆ ಯಾವ ದರವೋ ಅದರ ಬಾಡಿಗೆಗೂ ಅದೇ ದರ, ಕ್ರೆಡಿಟ್ ಅಲ್ಲೂ ಇಲ್ಲ. ಮೊನ್ನೆ ಒಬ್ಬರು ಇಂಥದ್ದೇ ಕಾರಿನ ಲೀಸ್ ಕೊಟೇಶನ್ ತಂದು ನನ್ನ ಟೇಬಲ್ ಮೇಲಿಟ್ಟರು. ಮೇಲೆ ದಪ್ಪಕ್ಷರದಲ್ಲಿ ತಿಂಗಳಿಗೆ 22,000. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’. 18% ಸೇರಿಸಿದರೆ 25,960. ನಾಲ್ಕು ವರ್ಷಕ್ಕೆ ಬರೀ ಜಿಎಸ್‌ಟಿಯೇ 1,90,080 ರೂಪಾಯಿ!

ಅದೇ ಕಾರು, ಅದೇ ದರ, ಆದರೂ ಯಾಕೆ ಜಾಸ್ತಿ? ಬ್ಯಾಂಕ್ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಲೀಸ್‌ನವರ ಬಾಡಿಗೆಯಲ್ಲಿ ಅವರ ಬಡ್ಡಿ, ಲಾಭ, ಅವರು ಆರ್‌ಟಿಓಗೆ ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸ್ ಎಲ್ಲ ಕಲಸಿರುತ್ತದೆ. ಆ ಪೂರ್ತಿ ಮೊತ್ತದ ಮೇಲೆ ಜಿಎಸ್‌ಟಿ ಬೀಳುತ್ತದೆ. ಅವಧಿ ಮುಗಿದ ಮೇಲೆ ಕಾರನ್ನು ನೀವೇ ಇಟ್ಟುಕೊಂಡರೆ ಆ ಬೆಲೆಗೂ ಮತ್ತೆ ತೆರಿಗೆ ಲೆಕ್ಕ ಬರುತ್ತದೆ.

ಹಾಗಾಗಿ ನಿಮ್ಮಂಥ ಅಂಗಡಿಯವರಿಗೆ ಲೀಸ್ ಬೇಡ ಅನ್ನುತ್ತೇನೆ. ಅಂಗಡಿ ಹೆಸರಲ್ಲಿ ಕೊಂಡರೆ, ವಾಪಸ್ ಬಾರದ ಜಿಎಸ್‌ಟಿಯನ್ನೂ ಕಾರಿನ ಬೆಲೆಗೆ ಸೇರಿಸಿ ವರ್ಷಕ್ಕೆ 15% ಸವಕಳಿ (ಡಿಪ್ರಿಸಿಯೇಷನ್) ತೋರಿಸಬಹುದು. ಅದು ಆದಾಯ ತೆರಿಗೆಯಲ್ಲಿ ಕೆಲಸಕ್ಕೆ ಬರುತ್ತದೆ. ಮನೆ ಓಡಾಟದ ಪಾಲನ್ನು ಬಿಟ್ಟು ತೋರಿಸಿ.

ಲೈಫ್‌ಟೈಮ್ ಟ್ಯಾಕ್ಸ್ ಬೇರೆ. 5 ಲಕ್ಷದಿಂದ 10 ಲಕ್ಷದವರೆಗೆ 14%, ಅಂದರೆ ನಿಮಗೆ 1,26,000, ಮೇಲೆ ಸೆಸ್. 10 ಲಕ್ಷ ದಾಟಿದರೆ ಪೂರ್ತಿ ಬೆಲೆಗೆ 17%. ಸುಮ್ನೆ ಟಾಪ್ ಮಾಡೆಲ್ ಆಸೆಗೆ 9.95 ಲಕ್ಷದಿಂದ 10.05 ಲಕ್ಷಕ್ಕೆ ಹೋದರೆ ಇದೊಂದರಲ್ಲೇ 31,550 ಜಾಸ್ತಿ ಕಟ್ಟುತ್ತೀರಿ. ಜೊತೆಗೆ 10 ಲಕ್ಷ ದಾಟಿದ್ದಕ್ಕೆ ಶೋರೂಂನವರು 1% ಟಿಸಿಎಸ್ (ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದನ್ನು ಮಾತ್ರ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ತಗೋಬಹುದು, ಮರೀಬೇಡಿ.

ಪ್ರಶ್ನೆ: ನಮ್ಮದು ಪಾವಗಡ. ಸುತ್ತ ಆಂಧ್ರವೇ. ಹಿಂದೂಪುರದಲ್ಲಿ ಕಾರು ತಗೊಂಡರೆ ಟ್ಯಾಕ್ಸ್ ಕಡಿಮೆ ಆಗುತ್ತಾ?

ಉತ್ತರ: ಜಿಎಸ್‌ಟಿ ದೇಶಕ್ಕೆಲ್ಲ ಒಂದೇ ದರ, ಅದರಲ್ಲಿ ಉಳಿಯುವುದೇನಿಲ್ಲ. ಬೇರೆಯಾಗುವುದು ರಾಜ್ಯದ ರಸ್ತೆ ತೆರಿಗೆ, ಅಂದರೆ ಮೇಲೆ ಹೇಳಿದ ಲೈಫ್‌ಟೈಮ್ ಟ್ಯಾಕ್ಸ್. ನಿಮ್ಮ ಮನೆ ಪಾವಗಡದಲ್ಲಿದ್ದರೆ ಕಾರು ಇಲ್ಲೇ ರಿಜಿಸ್ಟರ್ ಆಗಬೇಕು, ತೆರಿಗೆಯೂ ಇಲ್ಲೇ ಕಟ್ಟಬೇಕು. ಆಂಧ್ರದಲ್ಲಿರುವ ನೆಂಟರ ವಿಳಾಸ ಕೊಟ್ಟು ಅಲ್ಲಿನ ನಂಬರ್ ಹಾಕಿಸುವವರನ್ನು ನೋಡಿದ್ದೇನೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್‌ಗೆ ಬದಲಿಸಲೇಬೇಕು. ಆಗ ಇಲ್ಲಿನ ಟ್ಯಾಕ್ಸ್ ಕಟ್ಟಿ, ಅಲ್ಲಿ ಕಟ್ಟಿದ್ದನ್ನು ವಾಪಸ್ ಕೇಳಿಕೊಂಡು ಆಫೀಸಿಂದ ಆಫೀಸಿಗೆ ಅಲೆಯಬೇಕು. ಹಿಂದೂಪುರದ ಶೋರೂಂನಲ್ಲಿ ಒಳ್ಳೆ ಡಿಸ್ಕೌಂಟ್ ಇದ್ದರೆ ಖಂಡಿತ ಅಲ್ಲೇ ಕೊಳ್ಳಿ, ತಾತ್ಕಾಲಿಕ ನಂಬರ್‌ನಲ್ಲಿ ಊರಿಗೆ ತಂದು ಇಲ್ಲಿ ರಿಜಿಸ್ಟರ್ ಮಾಡಿಸಿ. ಡಿಸ್ಕೌಂಟ್ ಬಿಲ್‌ನಲ್ಲೇ ಬರೆದಿರಲಿ. ಹಾಗಿದ್ದರೆ ಮಾತ್ರ ಜಿಎಸ್‌ಟಿಯೂ ಅಷ್ಟರ ಮಟ್ಟಿಗೆ ಇಳಿಯುತ್ತದೆ.